ಪುಕ್ಕಟೆ ಮಾತ್ರೆ ಪುಕ್ಕಟೆಯಾಗಿ ಬರಲಿಲ್ಲ



2025ರಲ್ಲಿ ಒಂದು ದಿನ ವಿರೂಪಾಕ್ಷಿಪುರ ಹೋಬಳಿಯ ಒಂದು ಸಂಘದ ಸಭೆ ಮುಗಿಸಿಕೊಂಡು ನಾವು ಚನ್ನಪಟ್ಟಣದ ಬಸ್ಸಿಗೆ ಕಾಯುತ್ತಿದ್ದೆವು. ಸಂಘದ ಸದಸ್ಯೆಯೊಬ್ಬರು ನಮ್ಮ ಹಿಂದೆಯೇ ಬಂದರು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಕೇಳಿದರು: "ಸಿಸ್ಟರ್, ಅಮೆರಿಕಾದೋರು ಈ ಕಾಯಿಲೆಗೆ ದುಡ್ಡು ಕೊಡೋದು ನಿಲ್ಲಿಸ್ಬಿಟ್ರಂತೆ. ಟಿ.ವಿ.ಲಿ ಬಂತಂತೆ. ನಮ್ ಮಾತ್ರೆ ನಿಂತೋಗುತ್ತಾ?"

ಅವರು ಹದಿನೈದು ವರ್ಷಗಳಿಂದ ಎಚ್.ಐ.ವಿ. ಮಾತ್ರೆ ನುಂಗುತ್ತಿರುವವರು. ಗಂಡ ತೀರಿಕೊಂಡಿದ್ದಾರೆ. ರೇಷ್ಮೆ ಹುಳು ಮೇಯಿಸುತ್ತಾರೆ, ಸಂಘದಿಂದ ಮೂರು ಸಲ ಸಾಲ ತೆಗೆದು ಮೂರನ್ನೂ ಕಂತು ತಪ್ಪದೆ ತೀರಿಸಿದ್ದಾರೆ. ಮಗಳಿಗೆ ಸೋಂಕಿಲ್ಲ, ಕಾಲೇಜಿಗೆ ಹೋಗುತ್ತಾಳೆ. ಸಂಘದಲ್ಲಿ ಅವರ ವಿಷಯ ಯಾರಿಗೂ ಗೊತ್ತಿಲ್ಲ. (ಗುರುತು ಸಿಗಬಾರದೆಂದು ಇಲ್ಲಿ ಕೆಲವು ವಿವರಗಳನ್ನು ಬದಲಾಯಿಸಿದ್ದೇವೆ. ಯಾರು ಅಂತ ಹುಡುಕಲು ಹೋಗಬೇಡಿ.)

ಅಷ್ಟರಲ್ಲಿ ಬಸ್ಸು ಬಂತು. "ಇಲ್ಲಮ್ಮ, ನಿಲ್ಲೋಲ್ಲ, ಧೈರ್ಯವಾಗಿರಿ" ಎಂದಷ್ಟೇ ಹೇಳಿ ಹತ್ತಿದೆವು. ಆದರೆ ಆ ಉತ್ತರ ನಮಗೇ ಸಮಾಧಾನ ಕೊಡಲಿಲ್ಲ. ನಿಲ್ಲೋಲ್ಲ ಅಂತ ಯಾವ ಆಧಾರದ ಮೇಲೆ ಹೇಳಿದೆವು? ಆ ಮಾತ್ರೆ ಎಲ್ಲಿಂದ ಬಂತು, ಯಾರು ಕೇಳಿದ್ದಕ್ಕೆ ಬಂತು, ಅದನ್ನು ಉಳಿಸಿಕೊಳ್ಳುವುದು ಯಾರ ಕೈಯಲ್ಲಿದೆ? ಬಸ್ ಸ್ಟ್ಯಾಂಡಿನಲ್ಲಿ ಅರ್ಧಕ್ಕೇ ನಿಂತ ಆ ಉತ್ತರವನ್ನು ಈಗ ಪೂರ್ತಿ ಹೇಳೋಣ ಅಂತ ಬರೆಯುತ್ತಿದ್ದೇವೆ.

ಮಾತ್ರೆ ಇಲ್ಲದ ಕಾಲ

ನಮ್ಮ ದೇಶದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಪತ್ತೆ ಮಾಡಿದವರು ಇಬ್ಬರು ಹೆಣ್ಣುಮಕ್ಕಳು: ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ. 1992ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯನ್ನು (ನ್ಯಾಕೊ) ಸ್ಥಾಪಿಸಿತು. ಆದರೆ ಬಹಳ ವರ್ಷ ನಡೆದದ್ದು ಪ್ರಚಾರ ಮತ್ತು ರಕ್ತಪರೀಕ್ಷೆ ಮಾತ್ರ. ಸೋಂಕು ಬಂದವರಿಗೆ ಕೊಡಲು ಸರ್ಕಾರಿ ಆಸ್ಪತ್ರೆಯಲ್ಲಿ ವೈರಸ್ಸಿನ ಔಷಧಿಯೇ ಇರಲಿಲ್ಲ.

2002ರ ಸುಮಾರಿನ ಮಾತು. ಚನ್ನಪಟ್ಟಣ ತಾಲ್ಲೂಕು ಆಗ ಇನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು. ನಾವು ಮನೆಭೇಟಿಗೆ ಹೋಗುತ್ತಿದ್ದ ಒಂದು ಮನೆಯಲ್ಲಿ ಇಪ್ಪತ್ತಾರು ವರ್ಷದ ತಾಯಿಯೊಬ್ಬಳಿದ್ದಳು. ಓಲೆ ಮಾರಿ ನಾಲ್ಕು ತಿಂಗಳು ಔಷಧಿ ತಂದರು. ಐದನೇ ತಿಂಗಳಿಗೆ ಮಾರಲು ಏನೂ ಉಳಿದಿರಲಿಲ್ಲ. ನಾವು ಮಾಡಿದ್ದು ಇಷ್ಟೇ: ಗಂಜಿ ಕುಡಿಸಿದೆವು, ಬೆನ್ನು ಒರೆಸಿದೆವು, ಪಕ್ಕದಲ್ಲಿ ಕೂತೆವು. ಅವಳು ಉಳಿಯಲಿಲ್ಲ.

ಇನ್ನೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ನಾವು ಊರೂರಿಗೆ ತಲೆಬುರುಡೆ ಚಿತ್ರದ ಪೋಸ್ಟರ್ ತೆಗೆದುಕೊಂಡು ಹೋಗಿ "ಏಡ್ಸ್ ಅಂದರೆ ಸಾವು" ಅಂತ ಹೇಳಿಕೊಟ್ಟೆವು. ಜನ ಹೆದರಿದರು, ನಿಜ. ಆದರೆ ಕಾಯಿಲೆಗಿಂತ ಹೆಚ್ಚಾಗಿ ಕಾಯಿಲೆಯವರಿಗೆ ಹೆದರಿದರು. ಲೋಟ ಬೇರೆ, ತಟ್ಟೆ ಬೇರೆ, ಕೊನೆಗೆ ಮನೆಯೇ ಬೇರೆ. ಆ ಹೆದರಿಕೆ ಈಗಲೂ ಪೂರ್ತಿ ಹೋಗಿಲ್ಲ. ಅದರಲ್ಲಿ ನಮ್ಮ ಪಾಲೂ ಇದೆ.

ಔಷಧಿ ಪ್ರಪಂಚದಲ್ಲಿ ಇರಲಿಲ್ಲವೆಂದಲ್ಲ. 1996ರಿಂದಲೇ ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಸಿಗುತ್ತಿತ್ತು. ಅದಕ್ಕೆ ಒಬ್ಬರಿಗೆ ಒಂದು ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಖರ್ಚು. ಆಗಿನ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿಗೂ ಮೀರಿದ ಹಣ. 2001ರ ಫೆಬ್ರವರಿಯಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಅದೇ ಔಷಧಿಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ಸುಮಾರು 16 ಸಾವಿರ ರೂಪಾಯಿಗೆ, 'ಗಡಿಯಿಲ್ಲದ ವೈದ್ಯರು' ಎಂಬ ಸೇವಾಸಂಸ್ಥೆಗೆ ಕೊಡುವುದಾಗಿ ಹೇಳಿತು. ಪ್ರಪಂಚವೇ ಕಣ್ಣು ಬಿಟ್ಟು ನೋಡಿತು. ಆದರೆ ಕೂಲಿ ಮಾಡುವ ಹೆಣ್ಣುಮಗಳಿಗೆ 16 ಸಾವಿರವೂ ಆಗ ಬೆಟ್ಟದಷ್ಟೇ. ಅದನ್ನು ಸರ್ಕಾರವೇ ಕೊಂಡು ಜನರಿಗೆ ಕೊಡಬೇಕಿತ್ತು. ಸರ್ಕಾರಗಳು ತಾವಾಗಿಯೇ ಕೊಡಲಿಲ್ಲ. ಕೇಳಿದವರಿದ್ದರು, ಅದಕ್ಕೇ ಕೊಟ್ಟವು.

ಕೇಳಿದವರು ಯಾರು?

ಮೊದಲು ಗಟ್ಟಿಯಾಗಿ ಕೇಳಿದವರು ಸೋಂಕಿತರೇ. ದಕ್ಷಿಣ ಆಫ್ರಿಕಾದ ಕಥೆ ನಾವೆಲ್ಲ ತಿಳಿಯಬೇಕಾದದ್ದು. 1998ರ ಡಿಸೆಂಬರ್ 10ರಂದು ಅಲ್ಲಿನ ಕೇಪ್ ಟೌನ್ ನಗರದಲ್ಲಿ ಕೆಲವೇ ಜನ ಸೇರಿ 'ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್' ಎಂಬ ಚಳವಳಿ ಆರಂಭಿಸಿದರು. ಅದರ ನಾಯಕ ಝಾಕಿ ಅಕ್ಮತ್ ಸ್ವತಃ ಸೋಂಕಿತರು. ಔಷಧಿ ಕೊಂಡುಕೊಳ್ಳುವ ದಾರಿ ಅವರಿಗಿತ್ತು. ಆದರೂ "ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಸಿಗುವವರೆಗೆ ನಾನೂ ನುಂಗುವುದಿಲ್ಲ" ಎಂದು ಹಟ ಹಿಡಿದರು. ಸಾವಿರಾರು ಜನ "ಎಚ್.ಐ.ವಿ. ಪಾಸಿಟಿವ್" ಎಂದು ಬರೆದ ಅಂಗಿ ತೊಟ್ಟು ಬೀದಿಗೆ ಬಂದರು. ಅವರಲ್ಲಿ ಸೋಂಕಿಲ್ಲದವರೂ ಇದ್ದರು. ಯಾರಿಗಿದೆ, ಯಾರಿಗಿಲ್ಲ ಎಂದು ನೋಡಿದವರಿಗೆ ಗೊತ್ತಾಗಬಾರದು ಅನ್ನುವುದೇ ಅದರ ಉದ್ದೇಶ. 2002ರಲ್ಲಿ ನೆಲ್ಸನ್ ಮಂಡೇಲಾ ಕೂಡ ಅದೇ ಅಂಗಿ ತೊಟ್ಟರು.

2000ನೇ ಜುಲೈನಲ್ಲಿ ಆ ದೇಶದ ಡರ್ಬನ್ ನಗರದಲ್ಲಿ ವಿಶ್ವ ಏಡ್ಸ್ ಸಮ್ಮೇಳನ ನಡೆಯಿತು. ಎನ್‌ಕೋಸಿ ಜಾನ್ಸನ್ ಎಂಬ ಹನ್ನೊಂದು ವರ್ಷದ ಹುಡುಗ ವೇದಿಕೆ ಹತ್ತಿದ. ಹುಟ್ಟಿನಿಂದಲೇ ಸೋಂಕಿತ, ಸಣಕಲು ಮೈ. ಬಸುರಿ ತಾಯಂದಿರಿಗೆ ಸರ್ಕಾರ ಔಷಧಿ ಕೊಡಬೇಕು, ನಮ್ಮನ್ನು ಮುಟ್ಟಿದರೆ, ಅಪ್ಪಿಕೊಂಡರೆ ಏನೂ ಬರುವುದಿಲ್ಲ ಅಂತ ದೊಡ್ಡವರಿಗೆಲ್ಲ ಹೇಳಿದ. ಮರುವರ್ಷ ಜೂನ್ 1ರಂದು ತೀರಿಹೋದ.

ಆಮೇಲೆ ಏನಾಯಿತು? ಕಡಿಮೆ ಬೆಲೆಯ ಔಷಧಿ ತರಿಸಿಕೊಳ್ಳಲು ದಕ್ಷಿಣ ಆಫ್ರಿಕಾ ಮಾಡಿದ್ದ ಕಾನೂನಿನ ವಿರುದ್ಧ 39 ಔಷಧಿ ಕಂಪನಿಗಳು ಕೋರ್ಟಿಗೆ ಹೋಗಿದ್ದವು. ದೇಶ ದೇಶಗಳಲ್ಲಿ ಜನ ಛೀ ಎಂದರು. 2001ರ ಏಪ್ರಿಲ್‌ನಲ್ಲಿ ಕಂಪನಿಗಳು ಕೇಸು ವಾಪಸು ತೆಗೆದುಕೊಂಡವು. 2002ರ ಜುಲೈನಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ಬಸುರಿಯರಿಗೆ ಔಷಧಿ ಕೊಡಲೇಬೇಕೆಂದು ಸರ್ಕಾರಕ್ಕೆ ಆದೇಶ ಮಾಡಿತು.

ಆಳುವವರಿಗೆ ಮನಸ್ಸಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಅದೇ ದೇಶ ಉದಾಹರಣೆ. ಅಲ್ಲಿನ ಆಗಿನ ಅಧ್ಯಕ್ಷ ಥಾಬೊ ಎಂಬೆಕಿ, ಏಡ್ಸ್‌ಗೆ ಎಚ್.ಐ.ವಿ.ಯೇ ಕಾರಣವೆಂಬುದನ್ನು ಅನುಮಾನಿಸಿ ಔಷಧಿ ಹಂಚುವುದನ್ನು ತಡ ಮಾಡಿದರು. ಈ ತಡದಿಂದ 2000ದಿಂದ 2005ರೊಳಗೆ ಮೂರು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜೀವ ಹೋದವೆಂದು ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಲೆಕ್ಕ ಕೊಟ್ಟರು. ಔಷಧಿ ಇತ್ತು, ಬೆಲೆಯೂ ಇಳಿದಿತ್ತು, ಕೊಡುವ ಮನಸ್ಸು ಮಾತ್ರ ಇರಲಿಲ್ಲ. ಮಂಡೇಲಾ ಅವರು ಇದಕ್ಕೆ ಉಲ್ಟಾ. 2005ರ ಜನವರಿಯಲ್ಲಿ ತಮ್ಮ ಮಗ ತೀರಿಕೊಂಡಾಗ "ನನ್ನ ಮಗ ಸತ್ತದ್ದು ಏಡ್ಸ್‌ನಿಂದ" ಅಂತ ತಾವೇ ಜಗತ್ತಿಗೆ ಹೇಳಿದರು, ಮುಚ್ಚಿಡಲಿಲ್ಲ.

ಲೋಕದ ಮುಂದೆ ಕೊಟ್ಟ ಮಾತು

ಈ ಕೂಗು ವಿಶ್ವಸಂಸ್ಥೆಗೂ ಮುಟ್ಟಿತು. 2001ರ ಜೂನ್ 25ರಿಂದ 27ರವರೆಗೆ ನ್ಯೂಯಾರ್ಕಿನಲ್ಲಿ ಎಲ್ಲ ದೇಶಗಳವರು ಏಡ್ಸ್ ಒಂದೇ ವಿಷಯಕ್ಕಾಗಿ ಸಭೆ ಸೇರಿದರು. ಒಂದು ಕಾಯಿಲೆಗೋಸ್ಕರ ವಿಶ್ವಸಂಸ್ಥೆಯ ಮಹಾಸಭೆ ವಿಶೇಷ ಅಧಿವೇಶನ ಕರೆದದ್ದು ಅದೇ ಮೊದಲು. ಕೊನೆಗೆ ಎಲ್ಲರೂ ಒಪ್ಪಿ ಒಂದು ಬದ್ಧತಾ ಘೋಷಣೆ ಮಾಡಿದರು. ಅದರಲ್ಲಿ ಇಸವಿ ಹಾಕಿ ಗುರಿಗಳನ್ನು ಬರೆದರು. ತಾಯಿಯಿಂದ ಸೋಂಕು ಪಡೆಯುವ ಮಕ್ಕಳ ಪ್ರಮಾಣವನ್ನು 2010ರೊಳಗೆ ಅರ್ಧಕ್ಕೆ ಇಳಿಸಬೇಕು ಎನ್ನುವುದು ಅವುಗಳಲ್ಲಿ ಒಂದು. ಮರುವರ್ಷವೇ ಏಡ್ಸ್, ಕ್ಷಯ, ಮಲೇರಿಯಾಗಳಿಗೆಂದು 'ಗ್ಲೋಬಲ್ ಫಂಡ್' ಎಂಬ ಜಾಗತಿಕ ನಿಧಿ ಹುಟ್ಟಿತು.

ಮಾತು ಕೊಡುವುದು ಸುಲಭ, ನಡೆಸುವುದು ಕಷ್ಟ. ಅದಕ್ಕೇ 2005ರಿಂದ 2010ರವರೆಗೆ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಒಂದೇ ಘೋಷಣೆ ಇಟ್ಟುಕೊಂಡರು: "ಏಡ್ಸ್ ತಡೆಯಿರಿ, ಕೊಟ್ಟ ಮಾತು ಉಳಿಸಿಕೊಳ್ಳಿ." ನಮ್ಮ ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು. ಹುಲಿ ಎದುರಿಗಿಲ್ಲದಾಗಲೂ ಉಳಿಸಿಕೊಂಡಳು. ಸರ್ಕಾರಗಳು ಹಾಗಲ್ಲ, ಎದುರಿಗೆ ನಿಂತು ನೆನಪಿಸುವವರು ಬೇಕು.

ನೆನಪಿಸಿದ್ದಕ್ಕೆ ಫಲ ಸಿಕ್ಕಿತು. 2004ರ ಸುಮಾರಿಗೆ ಏಡ್ಸ್‌ನಿಂದ ಪ್ರಪಂಚದಲ್ಲಿ ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಿದ್ದರು. 2024ರಲ್ಲಿ ಆ ಸಂಖ್ಯೆ ಸುಮಾರು 6 ಲಕ್ಷ 30 ಸಾವಿರಕ್ಕೆ ಇಳಿಯಿತು. 2030ರೊಳಗೆ ಏಡ್ಸ್ ಪಿಡುಗನ್ನು ಕೊನೆಗಾಣಿಸುವುದಾಗಿ ದೇಶಗಳು 2016ರಲ್ಲಿ ವಿಶ್ವಸಂಸ್ಥೆಯಲ್ಲಿ ಮತ್ತೆ ಮಾತು ಕೊಟ್ಟಿವೆ.

ಇಚ್ಛಾಶಕ್ತಿಯನ್ನು ಅಳೆಯುವುದು ಹೇಗೆ?

ಪೇಪರಿನಲ್ಲಿ "ರಾಜಕೀಯ ಇಚ್ಛಾಶಕ್ತಿ" ಅಂತ ಬರೆಯುತ್ತಾರೆ. ದೊಡ್ಡ ಮಾತು ಅನಿಸುತ್ತದೆ. ಆದರೆ ಸಂಘ ನಡೆಸುವ ನಿಮಗೆ ಇದು ಹೊಸದಲ್ಲ. ಒಂದು ಸಂಘ ನಿಜವಾಗಿ ನಡೆಯುತ್ತಿದೆಯಾ ಅಂತ ನೋಡಲು ನೀವು ಏನೇನು ನೋಡುತ್ತೀರಿ?

1. ಸಭೆಯಲ್ಲಿ ವಿಷಯ ಬಾಯಿಬಿಟ್ಟು ಮಾತಾಡಿ ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರಾ?
2. ನಗದು ಪುಸ್ತಕದಲ್ಲಿ ಅದಕ್ಕೆ ದುಡ್ಡು ಇಟ್ಟಿದ್ದಾರಾ?
3. ಎಲ್ಲರಿಗೂ ಒಂದೇ ಆದ ನಿಯಮ ಇದೆಯಾ?
4. ವಾರ ವಾರ ಲೆಕ್ಕ ಕೇಳುತ್ತಾರಾ?

ಸರ್ಕಾರವನ್ನು ಅಳೆಯಲೂ ಇದೇ ನಾಲ್ಕು ಸಾಕು: ಬಾಯಿ, ಗಂಟು, ಕಾನೂನು, ಲೆಕ್ಕ. ಬಾಯಿ ಮಾತ್ರ ಇದ್ದು ಗಂಟು ಬಿಚ್ಚದಿದ್ದರೆ ಅದು ಭಾಷಣ. ಗಂಟು ಬಿಚ್ಚಿ ಲೆಕ್ಕ ಕೇಳದಿದ್ದರೆ ಅದು ಸೋರುವ ಕೊಡ.

ನಮ್ಮ ದೇಶದಲ್ಲಿ ಆದದ್ದು

ಬಾಯಿ: ನಮ್ಮ ಸಂಸದರು ಪಕ್ಷಭೇದ ಬಿಟ್ಟು ಏಡ್ಸ್ ವಿಷಯಕ್ಕೆ ಒಂದು ವೇದಿಕೆ ಕಟ್ಟಿಕೊಂಡಿದ್ದರು. ಅದರ ಸಂಚಾಲಕರು ನಮ್ಮ ಉಡುಪಿಯ ಆಸ್ಕರ್ ಫರ್ನಾಂಡಿಸ್. (ಅವರು 2021ರಲ್ಲಿ ತೀರಿಕೊಂಡರು.) 2003ರ ಜುಲೈನಲ್ಲಿ ಈ ವೇದಿಕೆ ದೆಹಲಿಯಲ್ಲಿ ರಾಷ್ಟ್ರೀಯ ಸಮಾವೇಶ ನಡೆಸಿತು. ಸಂಸದರು, ಶಾಸಕರು, ಮೇಯರ್‌ಗಳು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಬಂದಿದ್ದರು. ಆಗಿನ ಪ್ರಧಾನಿ ವಾಜಪೇಯಿಯವರು ಉದ್ಘಾಟಿಸಿದರು. ಹೆಸರೆತ್ತಲೂ ನಾಚುತ್ತಿದ್ದ ಕಾಯಿಲೆಯ ಬಗ್ಗೆ ದೇಶದ ಪ್ರಧಾನಿ ವೇದಿಕೆ ಮೇಲೆ ಮಾತಾಡಿದ್ದು ಆಗಿನ ಕಾಲಕ್ಕೆ ಸಣ್ಣ ವಿಷಯವಲ್ಲ. 2005ರಲ್ಲಿ ಪ್ರಧಾನಿಯ ಅಧ್ಯಕ್ಷತೆಯಲ್ಲೇ ರಾಷ್ಟ್ರೀಯ ಏಡ್ಸ್ ಮಂಡಳಿ ರಚನೆಯಾಯಿತು. 2007ರ ಡಿಸೆಂಬರ್ 1ರಂದು ರೆಡ್ ರಿಬ್ಬನ್ ಎಕ್ಸ್‌ಪ್ರೆಸ್ ರೈಲು ದೆಹಲಿಯಿಂದ ಹೊರಟಿತು.

ಗಂಟು: 2003ರ ನವೆಂಬರ್ ಕೊನೆಗೆ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಅವರು (1999ರಲ್ಲಿ ಬಳ್ಳಾರಿಯಿಂದ ಚುನಾವಣೆಗೆ ನಿಂತಿದ್ದರಲ್ಲ, ಅವರೇ) ಉಚಿತ ಚಿಕಿತ್ಸೆ ಕೊಡುವುದಾಗಿ ಪ್ರಕಟಿಸಿದರು. 2004ರ ಏಪ್ರಿಲ್ 1ರಂದು ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಶುರುವಾಯಿತು. ಅವುಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಓಲೆ ಮಾರಿದ ಆ ತಾಯಿ ಇನ್ನೆರಡು ವರ್ಷ ತಡೆದಿದ್ದರೆ ಅಂತ ನಾವು ಎಷ್ಟೋ ಸಲ ಅಂದುಕೊಂಡಿದ್ದೇವೆ. ಇವತ್ತು ದೇಶದಲ್ಲಿ ಏಳುನೂರಕ್ಕೂ ಹೆಚ್ಚು ಎ.ಆರ್.ಟಿ. ಕೇಂದ್ರಗಳಿವೆ. ಹದಿನಾರು ಲಕ್ಷಕ್ಕೂ ಹೆಚ್ಚು ಜನ ಚಿಕಿತ್ಸೆಯಲ್ಲಿದ್ದಾರೆ.

ಕಾನೂನು: ಸೋಂಕಿತರ ರಕ್ಷಣೆಗೆ ಒಂದು ಕಾನೂನು ಬೇಕೆಂದು ವಕೀಲರು, ಸೋಂಕಿತರ ಸಂಘಗಳು ಸೇರಿ 2006ರಲ್ಲೇ ಕರಡು ತಯಾರಿಸಿದ್ದರು. ಅದು ಸಂಸತ್ತಿನಲ್ಲಿ ಪಾಸಾದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಹನ್ನೆರಡು ವರ್ಷ! ನಡುವೆ ಕೇಳುವವರು ಸುಸ್ತಾಗಿದ್ದರೆ ಆ ಕರಡು ಯಾವುದೋ ಬೀರುವಿನಲ್ಲೇ ಉಳಿಯುತ್ತಿತ್ತು.

ಈ ಕಾನೂನಿನಲ್ಲಿ ನಮ್ಮ ಹೆಣ್ಣುಮಕ್ಕಳು ತಿಳಿದಿರಲೇಬೇಕಾದದ್ದು:

• ಸೋಂಕಿದೆ ಎಂಬ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ, ಆಸ್ಪತ್ರೆಯಿಂದ, ಬಾಡಿಗೆ ಮನೆಯಿಂದ ಯಾರನ್ನೂ ಹೊರಗಿಡುವಂತಿಲ್ಲ.
• ಒಪ್ಪಿಗೆ ಇಲ್ಲದೆ ಎಚ್.ಐ.ವಿ. ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವನ್ನು ಗುಟ್ಟಾಗಿಡಬೇಕು.
• ಸೋಂಕಿತ ಹೆಣ್ಣುಮಗಳಿಗೂ, 18 ವರ್ಷದೊಳಗಿನ ಮಕ್ಕಳಿಗೂ ತಾವು ಬಾಳುತ್ತಿದ್ದ ಮನೆಯಲ್ಲಿ ಇರುವ ಹಕ್ಕಿದೆ. ಗಂಡ ಸತ್ತ ಎಂದು ಅತ್ತೆಮನೆಯವರು ಬುತ್ತಿ ಕಟ್ಟಿ ಕಳಿಸುವಂತಿಲ್ಲ.
• ಸೋಂಕಿತರ ವಿರುದ್ಧ ದ್ವೇಷ ಹರಡಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.
• ದೂರು ಕೇಳಲು ಪ್ರತಿ ರಾಜ್ಯವೂ ಒಂಬುಡ್ಸ್‌ಮನ್ ನೇಮಿಸಬೇಕು.

ಲೆಕ್ಕ: 2010ಕ್ಕೆ ಹೋಲಿಸಿದರೆ 2023ರ ಹೊತ್ತಿಗೆ ನಮ್ಮ ದೇಶದಲ್ಲಿ ಹೊಸ ಸೋಂಕು ಶೇಕಡಾ 44ರಷ್ಟು ಇಳಿದಿದೆ ಎಂದು ನ್ಯಾಕೊ ಅಂದಾಜು ಹೇಳುತ್ತದೆ. ಸಂತೋಷ. ಆದರೂ ದೇಶದಲ್ಲಿ ಸುಮಾರು 25 ಲಕ್ಷ ಜನ ಸೋಂಕಿನೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ನಮ್ಮ ಕರ್ನಾಟಕದವರು. ಮಹಾರಾಷ್ಟ್ರ, ಆಂಧ್ರಪ್ರದೇಶ ಬಿಟ್ಟರೆ ನಾವೇ ಮುಂದೆ. ಕೆಲಸ ಮುಗಿದಿದೆ ಎನ್ನುವಂತಿಲ್ಲ.

ಹಾಗಾದರೆ ಮಾತ್ರೆ ನಿಲ್ಲುತ್ತದಾ?

ಈಗ ನಮ್ಮ ಆ ಸಹೋದರಿಯ ಪ್ರಶ್ನೆಗೆ ಬರೋಣ. ಟಿ.ವಿ.ಯಲ್ಲಿ ಬಂದದ್ದು ಸುಳ್ಳಲ್ಲ. 2025ರ ಜನವರಿ 20ರಂದು ಅಮೆರಿಕಾದ ಹೊಸ ಸರ್ಕಾರ ಹೊರದೇಶಗಳಿಗೆ ಕೊಡುತ್ತಿದ್ದ ನೆರವನ್ನು ತಡೆಹಿಡಿಯಿತು. 2003ರಿಂದ ಏಡ್ಸ್‌ಗೆ ಅತಿ ಹೆಚ್ಚು ಹಣ ಕೊಡುತ್ತಿದ್ದ ದೇಶ ಅದೇ. ಆಫ್ರಿಕಾದ ಹಲವು ಕಡೆ ಕ್ಲಿನಿಕ್‌ಗಳು ಬಾಗಿಲು ಹಾಕಿದವು, ಆರೋಗ್ಯ ಕಾರ್ಯಕರ್ತರು ಕೆಲಸ ಕಳೆದುಕೊಂಡರು. ಆಮೇಲೆ ಕೆಲವು ಸೇವೆಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಬೇರೆಯವರ ಗಂಟನ್ನು ನಂಬಿದ ಮನೆಗೆ ಏನಾಗುತ್ತದೆ ಎಂದು ಜಗತ್ತು ನೋಡಿತು.

ನಮ್ಮ ದೇಶದ ಪರಿಸ್ಥಿತಿ ಬೇರೆ. ಇಲ್ಲಿ ಎ.ಆರ್.ಟಿ. ಮಾತ್ರೆಗೆ ಹಣದ ಬಹುಪಾಲು ಬರುವುದು ನಮ್ಮದೇ ಕೇಂದ್ರ ಸರ್ಕಾರದ ಬಜೆಟ್ಟಿನಿಂದ. 2021ರಿಂದ 2026ರ ಮಾರ್ಚ್‌ವರೆಗಿನ ಐದನೇ ಹಂತದ ಏಡ್ಸ್ ಕಾರ್ಯಕ್ರಮಕ್ಕೆ ಕೇಂದ್ರ ಸುಮಾರು 15,471 ಕೋಟಿ ರೂಪಾಯಿ ಮಂಜೂರು ಮಾಡಿತ್ತು. ಅದು ಯಾರ ದುಡ್ಡು? ನೀವು ಸೋಪಿಗೆ, ಬಟ್ಟೆಗೆ ಕೊಡುವ ತೆರಿಗೆಯೂ ಅದರಲ್ಲಿ ಇದೆ. ಆದ್ದರಿಂದ, ಅಮೆರಿಕಾ ನಿಲ್ಲಿಸಿತು ಅಂತ ನಮ್ಮ ಮಾತ್ರೆ ನಿಲ್ಲುವುದಿಲ್ಲ. ಗಾಬರಿಯಾಗಿ ಯಾರೂ ಮಾತ್ರೆ ಬಿಡಬಾರದು, ಅರ್ಧರ್ಧ ಮಾಡಿ ಉಳಿಸಿಕೊಳ್ಳಲೂ ಬಾರದು.

ಆದರೆ ಅಷ್ಟಕ್ಕೇ ಸುಮ್ಮನಾಗುವ ಹಾಗೂ ಇಲ್ಲ. 2022ರಲ್ಲಿ ದೇಶದ ಕೆಲವು ಕಡೆ ಕೆಲವು ಔಷಧಿಗಳು ಸರಿಯಾಗಿ ಸಿಗಲಿಲ್ಲ. ಸೋಂಕಿತರು ದೆಹಲಿಯಲ್ಲಿ ನ್ಯಾಕೊ ಕಚೇರಿ ಮುಂದೆ ನಲವತ್ತು ದಿನಕ್ಕೂ ಹೆಚ್ಚು ಕಾಲ ಕೂತು ಪ್ರತಿಭಟಿಸಿದರು. ದುಡ್ಡು ಇದ್ದರೂ, ಕೇಳುವವರು ಕಣ್ಣು ಮುಚ್ಚಿದರೆ, ಸರಬರಾಜು ಎಡವುತ್ತದೆ.

ಒಂದೆರಡು ವಾರ ತಪ್ಪಿದರೆ ಏನಂತೆ ಅನ್ನಬಹುದು. ರೇಷ್ಮೆ ಮಾಡುವವರಿಗೆ ನಾವು ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪು ತಪ್ಪಿದರೆ ಗೂಡು ಎಲ್ಲಿಂದ ಬರಬೇಕು? ಈ ಚಿಕಿತ್ಸೆಯೂ ಹಾಗೇ. ಮಾತ್ರೆ ದಿನವೂ ಹೊತ್ತಿಗೆ ಸರಿಯಾಗಿ ಬಿದ್ದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ಅಲ್ಲೇ ನಿಂತರೆ ಅವರಿಂದ ಲೈಂಗಿಕ ಸಂಪರ್ಕದಲ್ಲಿ ಇನ್ನೊಬ್ಬರಿಗೆ ಹರಡುವುದಿಲ್ಲ. ಬಸುರಿಯರು ಚಿಕಿತ್ಸೆ ಪಡೆಯದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಸರಿಯಾಗಿ ಪಡೆದರೆ ಅದು ನೂರಕ್ಕೆ ಐದಕ್ಕಿಂತ ಕೆಳಗೆ ಬರುತ್ತದೆ. ಮಾತ್ರೆ ಆಗಾಗ ತಪ್ಪಿದರೆ ವೈರಸ್ ತಲೆ ಎತ್ತುತ್ತದೆ, ಔಷಧಿಗೆ ಬಗ್ಗದ ಹಾಗೆ ಗಟ್ಟಿಯಾಗುತ್ತದೆ.

ನಮ್ಮ ಸಂಘ ಏನು ಮಾಡಬಹುದು?

"ಅದೆಲ್ಲಾ ದೊಡ್ಡೋರ ಮಾತು ಸಿಸ್ಟರ್, ನಾವು ಹಳ್ಳೀರು ಏನ್ ಕೇಳಾನ?" ಅಂತ ಒಬ್ಬರು ಅಜ್ಜಿ ನಮಗೆ ಹೇಳಿದರು. 2024ರ ನವೆಂಬರಿನಲ್ಲಿ ಚನ್ನಪಟ್ಟಣ ಉಪಚುನಾವಣೆ ನಡೆಯಿತಲ್ಲ, ಎಂತೆಂಥ ನಾಯಕರು ನಮ್ಮ ಊರುಗಳಿಗೆ ಬಂದು ಕೈ ಮುಗಿದರು! ರಸ್ತೆ ಕೇಳಿದೆವು, ನೀರು ಕೇಳಿದೆವು. ಆಸ್ಪತ್ರೆಯಲ್ಲಿ ಔಷಧಿ ತಪ್ಪದೆ ಸಿಗಲಿ ಅಂತ ಎಷ್ಟು ಜನ ಕೇಳಿದೆವು? ದೊಡ್ಡವರು ನಮ್ಮ ಬಾಗಿಲಿಗೇ ಬರುತ್ತಾರೆ. ಕೇಳುವ ಮಾತು ನಮ್ಮ ಬಾಯಲ್ಲಿ ಸಿದ್ಧವಿರಬೇಕು.

1. ಗ್ರಾಮಸಭೆಯಲ್ಲಿ ಕೇಳಿ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ನಿಮ್ಮ ಸಂಘಗಳಿಂದಲೇ ಎಷ್ಟೋ ಜನ ಸದಸ್ಯರಾಗಿದ್ದೀರಿ. ತಾಲ್ಲೂಕು ಆಸ್ಪತ್ರೆಯ ಐ.ಸಿ.ಟಿ.ಸಿ.ಯಲ್ಲಿ (ಪರೀಕ್ಷೆ ಮತ್ತು ಆಪ್ತಸಮಾಲೋಚನಾ ಕೇಂದ್ರ) ಪರೀಕ್ಷಾ ಕಿಟ್ ಇದೆಯೇ, ಆಪ್ತಸಮಾಲೋಚಕರು ಇದ್ದಾರೆಯೇ, ಬಸುರಿಯರಿಗೆಲ್ಲ ಪರೀಕ್ಷೆ ಆಗುತ್ತಿದೆಯೇ ಎಂದು ಆರೋಗ್ಯ ಇಲಾಖೆಯವರನ್ನು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

2. ಸೇವೆಯ ಬಗ್ಗೆ ಕೇಳಿ, ವ್ಯಕ್ತಿಯ ಬಗ್ಗೆ ಬೇಡ. "ನಮ್ಮೂರಲ್ಲಿ ಎಷ್ಟು ಜನಕ್ಕಿದೆ, ಯಾರ್ಯಾರಿಗಿದೆ" ಎಂಬ ಪ್ರಶ್ನೆ ಸಭೆಯಲ್ಲಿ ಬರಲೇಬಾರದು. ಅದು ತಪ್ಪು ಮಾತ್ರವಲ್ಲ, ಒಬ್ಬರ ಬದುಕನ್ನೇ ಹಾಳುಮಾಡಬಹುದು.

3. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯಲ್ಲಿ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆಯರ ಜೊತೆ ಸಂಘದವರೂ ಕೂರಬಹುದು. ಕೂರಿ. ಖಾಲಿ ಕುರ್ಚಿ ಪ್ರಶ್ನೆ ಕೇಳುವುದಿಲ್ಲ.

4. ಓಟು ಕೇಳಲು ಬಂದವರಿಗೆ ಒಂದು ಪ್ರಶ್ನೆ ಇಡಿ: "2030ರೊಳಗೆ ಏಡ್ಸ್ ಮುಗಿಸ್ತೀವಿ ಅಂತ ದೇಶ ಮಾತು ಕೊಟ್ಟಿದೆ. ನೀವು ಗೆದ್ದರೆ ನಮ್ಮ ತಾಲ್ಲೂಕಿಗೆ ಏನು ಮಾಡ್ತೀರಿ?" ಯಾವ ಪಕ್ಷವಾದರೂ ಸರಿ, ಎಲ್ಲರಿಗೂ ಅದೇ ಪ್ರಶ್ನೆ.

5. ಇರುವ ಸೌಲಭ್ಯ ಬಳಸಿ. ಸೋಂಕಿತ ಮಹಿಳೆಯರ ಜೀವನೋಪಾಯಕ್ಕೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ 'ಧನಶ್ರೀ' ಯೋಜನೆ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲದೆ ಎ.ಆರ್.ಟಿ. ಕೇಂದ್ರಕ್ಕೆ ಹೋಗಿಬರಬಹುದು. ಅನುಮಾನ ಏನೇ ಇದ್ದರೂ 1097ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ.

6. ನಮ್ಮ ಸಂಘದ ಬಾಗಿಲು ಮೊದಲು ತೆರೆಯಿರಿ. ಜೊತೆಯಲ್ಲಿ ಕೂತರೆ, ಒಂದೇ ಲೋಟದಲ್ಲಿ ಟೀ ಕುಡಿದರೆ, ಮಗು ಎತ್ತಿಕೊಂಡರೆ ಎಚ್.ಐ.ವಿ. ಬರುವುದಿಲ್ಲ. ಸರ್ಕಾರಕ್ಕೆ ಬದ್ಧತೆ ಇಲ್ಲ ಅಂತ ದೂರುವ ನಾವು, ನಮ್ಮ ಪಕ್ಕದಲ್ಲಿ ಕೂತವಳಿಗೆ ಚಾಪೆ ಸರಿಸಿಕೊಟ್ಟಿದ್ದೇವಾ?

ಕೊನೆಗೆ

ಮುಂದಿನ ತಿಂಗಳು ನಾವು ಅದೇ ಸಂಘಕ್ಕೆ ಹೋಗಿ ಇದನ್ನೆಲ್ಲ ಎಲ್ಲರಿಗೂ ವಿವರಿಸಿದೆವು. ಯಾರ ಹೆಸರೂ ಎತ್ತಲಿಲ್ಲ. ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ. ಆಮೇಲೆ ಪ್ರತಿನಿಧಿಯೇ, "ಹಂಗಾದ್ರೆ ನಾವೂ ಒಂದು ಅರ್ಜಿ ಬರೆಯಾನ ಕಣ್ರವ್ವ" ಅಂದರು. ಪ್ರತಿ ಗ್ರಾಮಸಭೆಯಲ್ಲೂ ಎಚ್.ಐ.ವಿ. ಪರೀಕ್ಷೆ ಮತ್ತು ಔಷಧಿ ಸೌಲಭ್ಯದ ಬಗ್ಗೆ ಆರೋಗ್ಯ ಇಲಾಖೆಯವರು ವರದಿ ಹೇಳಬೇಕು ಎಂದು ಪಂಚಾಯಿತಿಗೆ ಒಂದು ಪುಟದ ಅರ್ಜಿ. ಬರೆದವಳು ಸಂಘದ ಪುಸ್ತಕ ಬರೆಯುವ ಹುಡುಗಿ.

ಹದಿನಾಲ್ಕು ಜನ ಸಹಿ ಹಾಕಿದರು. ಇಬ್ಬರದು ಹೆಬ್ಬೆಟ್ಟು. ಬಸ್ ಸ್ಟ್ಯಾಂಡಿಗೆ ಬಂದಿದ್ದ ಆ ಸಹೋದರಿಯೂ ಹಾಕಿದರು. ಹದಿನಾಲ್ಕರಲ್ಲಿ ಅವರ ಸಹಿ ಯಾವುದು ಅಂತ ಆ ಹಾಳೆ ನೋಡಿದ ಯಾರಿಗೂ ಗೊತ್ತಾಗುವುದಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಿಂದ ಎಚ್.ಐ.ವಿ. ಪರೀಕ್ಷೆಗೆ ಹೋಗಬೇಕಾದರೆ ಎಲ್ಲಿಗೆ ಹೋಗಬೇಕು? ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?
2. ಸೋಂಕಿತ ಹೆಣ್ಣುಮಗಳನ್ನು ಮನೆಯಿಂದ ಹೊರಹಾಕಿದರೆ ನಾವು ಯಾರ ಹತ್ತಿರ ಹೋಗಬೇಕು?
3. ಬಾಯಿ, ಗಂಟು, ಕಾನೂನು, ಲೆಕ್ಕ: ಈ ನಾಲ್ಕರಲ್ಲಿ ನಮ್ಮ ಪಂಚಾಯಿತಿಯಲ್ಲಿ ಯಾವುದು ಇದೆ, ಯಾವುದು ಇಲ್ಲ?
4. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಸಂಘದ ಪರವಾಗಿ ಯಾರು ಎದ್ದು ನಿಂತು ಕೇಳುತ್ತಾರೆ? ಅವರ ಹೆಸರನ್ನು ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.